ಕಾರಿಲ್ಲದೆ, ಎರಡೇ ರಾತ್ರಿಗೆ: ಸಿಲ್ಯಾನ್ ದಡದಲ್ಲಿ ನಾವಿಬ್ಬರು

"ಕಾರಿಲ್ಲದೆ ಸ್ವೀಡನ್ನಿನ ಹಳ್ಳಿ ಕಡೆ ಹೋಗ್ತೀಯಾ? ಅದೂ ಹೆಂಡತಿ ಜೊತೆ? ಬಸ್‌ಸ್ಟಾಪಿನಲ್ಲಿ ಕೂತು ವಾಪಸ್ ಬರ್ತೀಯ ಮಾರಾಯ." ಸ್ಟಾಕ್‌ಹೋಮಿನಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ಗೆಳೆಯರೆಲ್ಲ ಹೀಗೇ ಹೇಳಿದ್ದರು. ಈಗ ಅವರಲ್ಲೇ ಮೂರು ಜೋಡಿ ನಾನು ಹಾಕಿಕೊಟ್ಟ ಲೆಕ್ಕದಲ್ಲೇ ಹೋಗಿ ಬಂದಿದ್ದಾರೆ. ಮೂವರೂ ಕೇಳಿದ್ದನ್ನು ಮತ್ತೆ ಮತ್ತೆ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ. ಎರಡು ಸಲ ಕೆಟ್ಟಿದೆ, ಎರಡು ಸಲವೂ ದುಡ್ಡು ಹೋಗಿದೆ.

ಮೊದಲ ಸಲ ಹೋಗಿದ್ದು ಜೂನಿನ ಬೇಸಿಗೆ ಹಬ್ಬ ಮಿಡ್ಸೊಮ್ಮಾರ್‌ಗೆ. ಇಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ, ಇಂಡಿಯಾದ ಲೈಸೆನ್ಸ್ ಇನ್ನೂ ನಡೆಯುತ್ತಿತ್ತು. ಬಾಡಿಗೆ ಕಾರು ಹಿಡಿದು ದಾಲಾರ್ನಾ ಪ್ರಾಂತ, ಅಲ್ಲಿಂದ ಪಕ್ಕದ ವ್ಯಾರ್ಮ್‌ಲಾಂಡ್, ಮೂರು ದಿನದಲ್ಲಿ ಹತ್ತಿರ ಹತ್ತಿರ 900 ಕಿಲೋಮೀಟರ್ ಓಡಿಸಿದೆ. ನಾನು ರಸ್ತೆ ನೋಡುತ್ತಿದ್ದೆ, ಅವಳು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಳು. ಲೆಕ್ಸಾಂಡಿನಲ್ಲಿ ಹೂವಿನ ಕಂಬ ಎತ್ತುವುದನ್ನು ನೋಡೋಣ ಅಂದರೆ ಸಾವಿರಾರು ಜನ. ನಮ್ಮೂರ ತೇರಿನ ದಿನದ ಹಾಗೆ. ಚೆಂದವೇ, ಆದರೆ ಇಬ್ಬರೇ ಇರಬೇಕು ಅಂತ ಹೋದವರಿಗೆ ಅದಲ್ಲ. ಸಂಜೆ ಅಂಗಡಿಗಳೆಲ್ಲ ಮುಚ್ಚಿದ್ದವು, ಪೆಟ್ರೋಲ್ ಬಂಕಿನ ಬ್ರೆಡ್ಡು ತಿಂದು ಮಲಗಿದೆವು. ಸ್ಟೂಗಾದಲ್ಲಿ, ಅಂದರೆ ಬಾಡಿಗೆಗೆ ಹಿಡಿದ ಪುಟ್ಟ ಮನೆಯಲ್ಲಿ, ಹಾಸಿಗೆ ಇತ್ತು, ಹೊದಿಕೆ ಇತ್ತು, ಬೆಡ್‌ಶೀಟ್ ಇರಲಿಲ್ಲ. ಬಾಡಿಗೆಗೆ ತಗೊಂಡರೆ ತಲೆಗೆ 150 ಕ್ರೋನಾ. ಹೊರಡುವಾಗ ಮನೆ ನಾವೇ ಗುಡಿಸಿ ಒರೆಸಿಡಬೇಕು ಅನ್ನುವುದೂ ಗೊತ್ತಿರಲಿಲ್ಲ. ಆಮೇಲೆ ಕ್ಲೀನಿಂಗ್ ಅಂತ 900 ಹಿಡಿದುಕೊಂಡರು. ಒಟ್ಟು ಒಂಬತ್ತೂವರೆ ಸಾವಿರ ಆಯಿತು.

ಎರಡನೇ ಸಲ ದಕ್ಷಿಣದ ಸ್ಮೋಲಾಂಡ್ ಪ್ರಾಂತ, ನವೆಂಬರ್. ಅಗ್ಗ ಅಂತ ಹೋದೆ. ರಾತ್ರಿಗೆ 600 ಇರಬೇಕು. ಅಷ್ಟರಲ್ಲಿ ನನ್ನ ಲೈಸೆನ್ಸಿನ ವರ್ಷ ಮುಗಿದಿತ್ತು, ಕಾರಿಲ್ಲ. ಸಂಜೆ ನಾಲ್ಕರೊಳಗೆ ಕತ್ತಲು, ಹೊರಗೆ ಮಳೆ. ಪಾಯಖಾನೆ ಅಂಗಳ ದಾಟಿ ಕಾಡಿನ ಅಂಚಿನಲ್ಲಿ, ಟಾರ್ಚ್ ಹಿಡಿದು ಹೋಗಬೇಕು. ಭಾನುವಾರ ಆ ಊರಿಗೆ ಬಸ್ಸೇ ಇಲ್ಲ ಅಂತ ಭಾನುವಾರ ಬೆಳಿಗ್ಗೆ ಗೊತ್ತಾಯಿತು. ಸ್ಟೇಷನ್ನಿಗೆ ಟ್ಯಾಕ್ಸಿಗೆ 700 ಕೊಟ್ಟೆ. ರೈಲಿನಲ್ಲಿ ಅವಳು, "ರೀ, ಇನ್ನು ಇಬ್ಬರೂ ಮನೇಲೇ ಇರೋಣ" ಅಂದಳು. ಆ ಮಾತು ತುಂಬಾ ದಿನ ಮನಸ್ಸಿನಲ್ಲೇ ಉಳಿದಿತ್ತು. ಮದುವೆಯಾಗಿ ಏಳು ವರ್ಷ. ಇಬ್ಬರದೂ ಬೇರೆ ಬೇರೆ ಶಿಫ್ಟು. ಕೂತು ಮಾತಾಡುವುದಕ್ಕೇ ಅಲ್ವಾ ಇದೆಲ್ಲ ಮಾಡುತ್ತಿರುವುದು?

ಆ ಚಳಿಗಾಲ ಕೂತು ಲೆಕ್ಕ ಹಾಕಿದೆ. ಜಾಗ ಹುಡುಕಿ ಆಮೇಲೆ ದಾರಿ ಹುಡುಕುವುದೇ ತಪ್ಪು. ಮೊದಲು ರೈಲು ಹಿಡಿಯಬೇಕು. ಸ್ಟಾಕ್‌ಹೋಮಿನಿಂದ ಮೂರಾಕ್ಕೆ ಹೋಗುವ ರೈಲು ಬೊರ್‌ಲೆಂಗೆ ದಾಟಿದ ಮೇಲೆ ಲೆಕ್ಸಾಂಡ್, ತೆಲ್ಬೆರಿ, ರೆಟ್ವಿಕ್ ಅಂತ ಸಿಲ್ಯಾನ್ ಸರೋವರದ ಮಗ್ಗುಲಲ್ಲೇ ನಿಲ್ಲುತ್ತದೆ. ರೆಟ್ವಿಕ್‌ಗೆ ಮೂರು ಗಂಟೆ ಚಿಲ್ಲರೆ. ಈ ಮೂರರಲ್ಲಿ ಒಂದು ಸ್ಟೇಷನ್ನಿನಿಂದ ಮ್ಯಾಪಿನಲ್ಲಿ ಎರಡು ಕಿಲೋಮೀಟರ್ ಸುತ್ತು ಹಾಕಿಕೊಂಡು, ಆ ಸುತ್ತಿನೊಳಗೆ ಮಾತ್ರ ಮನೆ ಹುಡುಕಿದೆ. ಯಾವ ಸ್ಟೇಷನ್ ಅಂತ ಹೇಳುವುದಿಲ್ಲ. ಇರುವುದೇ ಒಂದು ಮನೆ, ನಮಗೂ ಸಿಗಬೇಕು.

ಇನ್ನು ದಿನ. ಆಗಸ್ಟ್ ಕೊನೆಯ ವಾರ, ಮಂಗಳವಾರದಿಂದ ಗುರುವಾರ. ಜುಲೈನಲ್ಲಿ ಹೆಚ್ಚಿನವರು ಶನಿವಾರದಿಂದ ಶನಿವಾರಕ್ಕೆ ವಾರಪೂರ್ತಿ ಮಾತ್ರ ಕೊಡುತ್ತಾರೆ. ಶಾಲೆ ಶುರುವಾದ ಮೇಲೆ ಮನೆಗಳು ಖಾಲಿ, ಎರಡು ರಾತ್ರಿಗೂ ಒಪ್ಪುತ್ತಾರೆ. ಹಗಲು ಇನ್ನೂ ಉದ್ದ, ಸೂರ್ಯ ಮುಳುಗುವುದು ಎಂಟು ಗಂಟೆಯ ಮೇಲೆ. ಸೊಳ್ಳೆ ಕಡಿಮೆ. ವಾರದ ಮಧ್ಯೆ ಬಸ್ಸೂ ಇರುತ್ತದೆ, ವೈನ್ ಬೇಕಾದವರಿಗೆ ಸರ್ಕಾರಿ ಮದ್ಯದಂಗಡಿ ಸಿಸ್ಟೆಮ್ಬೊಲಾಗೆಟ್ ಕೂಡ ತೆರೆದಿರುತ್ತದೆ. ಶನಿವಾರ ಹೋದರೆ ಮಧ್ಯಾಹ್ನ ಮೂರಕ್ಕೇ ಬಾಗಿಲು, ಭಾನುವಾರ ಇಲ್ಲವೇ ಇಲ್ಲ.

ಖರ್ಚು ಬಾಯಿಲೆಕ್ಕದಲ್ಲಿ ಹೇಳುತ್ತೇನೆ. ರೈಲು ಟಿಕೆಟ್ ಎರಡು ತಿಂಗಳು ಮೊದಲೇ ತೆಗೆದಿದ್ದೆ, ಇಬ್ಬರಿಗೆ ಹೋಗಿ ಬರಲು 1,100. ಮನೆ ಎರಡು ರಾತ್ರಿಗೆ 1,900. ದಿನಸಿ, ಕಾಫಿ, ದಾಲ್ಚಿನ್ನಿ ಬನ್ನು ಎಲ್ಲ ಸೇರಿ 550. ಬೆಡ್‌ಶೀಟ್ ಮನೆಯಿಂದಲೇ ಒಯ್ದೆ. ಹೊರಡುವ ಬೆಳಿಗ್ಗೆ ಒಂದು ಗಂಟೆ ಇಬ್ಬರೂ ಸೇರಿ ಗುಡಿಸಿ ಒರೆಸಿದೆವು. ಮೂರೂವರೆ ಸಾವಿರದಲ್ಲಿ ಮುಗಿಯಿತು.

ಮನೆ ಫಾಲೂನ್ ಕೆಂಪಿನದು, ಬಿಳಿ ಚೌಕಟ್ಟಿನ ಕಿಟಕಿ. ಗಣಿಯ ಮಣ್ಣಿನಿಂದ ಬರುವ ಆ ಕೆಂಪು ಬಣ್ಣ ನನ್ನ ಹೆಂಡತಿಗೆ ತೀರ್ಥಹಳ್ಳಿಯ ಮನೆಯ ಕೆಮ್ಮಣ್ಣು ಬಳಿದ ಜಗಲಿ ನೆನಪಿಸಿತು. ಒಳಗೆ ನೀರು, ಪಾಯಖಾನೆ ಎರಡೂ ಇದ್ದವು. ಇದರಲ್ಲಿ ರಾಜಿ ಬೇಡ, ದಯವಿಟ್ಟು. ಕೆಳಗೆ ನೀರಿನ ಹತ್ತಿರ ಸೌದೆ ಒಲೆಯ ಬಾಸ್ತು, ಅಂದರೆ ಸೌನಾ, ಅದರ ಮುಂದೆ ಮರದ ಕಟ್ಟೆ. ಮೊದಲ ದಿನ ಸ್ಟೇಷನ್ನಿನಿಂದ ನಡೆದು ಬರುವಷ್ಟರಲ್ಲಿ ಬಾಸ್ತು ಕಾದಿತ್ತು. ಮಾಲೀಕರಾದ ಅಜ್ಜಿ ಬಾಡಿಗೆಯವರಿಗೆಲ್ಲ ಹಾಗೆ ಮಾಡುವುದಿಲ್ಲ. ನಾನು ಸ್ವೀಡಿಷ್‌ನಲ್ಲಿ ಬರೆದ ಪತ್ರದಿಂದ ಅದು ಆಯಿತು. ಪತ್ರದಲ್ಲಿ ಏನಿತ್ತು ಅನ್ನುವುದು ನನ್ನ ಹತ್ತಿರವೇ ಇರಲಿ.

ಎರಡನೇ ದಿನ ಒಲೆ ನಾನೇ ಹಚ್ಚಿದೆ. ಬರ್ಚ್ ಸೌದೆ ಸಣ್ಣಗೆ ಸೀಳಿ, ಕಟ್ಟಿಗೆ ಬುಟ್ಟಿಯಲ್ಲಿದ್ದ ಒಣ ತೊಗಟೆ ಇಟ್ಟರೆ ಬೇಗ ಹತ್ತಿಕೊಳ್ಳುತ್ತದೆ. ನಿಂತ ಮರದ ತೊಗಟೆ ಕೀಳಬೇಡಿ. ಕಾಡಿನಲ್ಲಿ ಯಾರು ಬೇಕಾದರೂ ತಿರುಗುವ ಹಕ್ಕಿದ್ದರೂ ಅದಕ್ಕೆ ಅನುಮತಿ ಇಲ್ಲ. ಒಂದೂಕಾಲು ಗಂಟೆಯಲ್ಲಿ 70 ಡಿಗ್ರಿ ದಾಟಿತು. ನೀರು 17 ಇದ್ದಿರಬೇಕು. ನಾನು ಮೊಣಕಾಲಿನವರೆಗೆ ಇಳಿದು ನಿಂತಿದ್ದೆ. ಅವಳು ತುಂಗೆಯಲ್ಲಿ ಈಜು ಕಲಿತವಳು, ಕಟ್ಟೆಯಿಂದ ನೇರ ಹಾರಿದಳು. ಅವಳು ಹಾಗೆ ಗಟ್ಟಿಯಾಗಿ ನಕ್ಕಿದ್ದು ಕೇಳಿ ಎಷ್ಟು ದಿನ ಆಗಿತ್ತೋ.

ಆಮೇಲೆ ಟವೆಲ್ ಸುತ್ತಿಕೊಂಡು ಕಟ್ಟೆಯ ಮೇಲೆ ಎರಡು ಗಂಟೆ ಕೂತೆವು. ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲಿ ಉಲ್ಕೆ ಬಿದ್ದಿತ್ತು, ಈ ಸರೋವರ ಆ ಹೊಂಡದ ಅಂಚಿನಲ್ಲಿದೆ ಅಂತ ಹೇಳಲು ಹೊರಟೆ. "ಕಲ್ಲು ಬಿದ್ದ ಕಥೆ ಸಾಕು ರೀ, ನಿಮ್ಮಮ್ಮನ ಆಪರೇಷನ್ ವಿಷಯ ಹೇಳಿ, ಸರಿಯಾಗಿ ಹೇಳಲೇ ಇಲ್ಲ ನೀವು" ಅಂದಳು. ಹೇಳಿದೆ. ಪೂರ್ತಿ ಹೇಳಿದೆ.

ಅಡುಗೆಯ ಪ್ರಯೋಗವೂ ಒಂದಿಷ್ಟು ಆಯಿತು. ಲಿಂಗೊನ್ ಅನ್ನುವ ಹುಳಿ ಕಾಡುಹಣ್ಣು ಆಗಷ್ಟೇ ಕೆಂಪಾಗುತ್ತಿತ್ತು. ಹುಣಸೆ ಬದಲು ಅದನ್ನೇ ಹಾಕಿ, ಬೆಲ್ಲ, ಮೆಣಸಿನಪುಡಿ, ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದೆ. ಚಿತ್ರಾನ್ನಕ್ಕೆ ಕಲಸಿದರೆ ಬಹಳ ಚೆನ್ನಾಗಿದೆ. ಲಿಂಗೊನ್‌ನಲ್ಲಿ ಬೆಂಜೋಯಿಕ್ ಆಮ್ಲ ತಾನಾಗಿಯೇ ಇರುವುದರಿಂದ ಹಣ್ಣು ಬೇಗ ಕೆಡುವುದಿಲ್ಲ. ಉಳಿದ ಗೊಜ್ಜನ್ನು ಸ್ಟಾಕ್‌ಹೋಮಿಗೆ ತಂದು ಫ್ರಿಜ್ಜಿನಲ್ಲಿಟ್ಟು ಮೂರು ವಾರ ತಿಂದೆವು. ಬ್ಲೂಬೆರಿಯಲ್ಲೂ ಗೊಜ್ಜು ಮಾಡಿ ನೋಡಿದೆ, ಹುಳಿ ಸಾಲದೆ ಸಪ್ಪೆಯಾಯಿತು. ಹಳದಿ ಅಣಬೆ, ಅಂದರೆ ಕಾಂತರೆಲ್, ಅವಳೇ ಹುಡುಕಿದಳು. ಮಲೆನಾಡಿನವರ ಕಣ್ಣು. ಮೊದಲು ಎಣ್ಣೆ ಇಲ್ಲದೆ ಬಾಣಲೆಗೆ ಹಾಕಿ ನೀರು ಆರಿಸಿ, ಆಮೇಲೆ ಬೆಣ್ಣೆ. ಖಚಿತವಾಗಿ ಗುರುತು ಸಿಗದ ಅಣಬೆ ಮುಟ್ಟಲೇಬೇಡಿ. ಸಿಕ್ಕ ಜಾಗ ಮಾತ್ರ ಕೇಳಬೇಡಿ. ಇಲ್ಲಿನ ಜನ ಅಣಬೆ ಜಾಗವನ್ನು ಪಕ್ಕದ ಮನೆಯವರಿಗೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಊರು ಸುತ್ತಿದ್ದು ಒಂದೇ ಸಲ. ರೆಟ್ವಿಕ್‌ನಲ್ಲಿ ನೀರಿನೊಳಗೆ 628 ಮೀಟರ್ ಹೋಗುವ ಮರದ ಸೇತುವೆ ಇದೆ, ಅದರ ತುದಿಯವರೆಗೆ ನಡೆದೆವು. ಸುಣ್ಣದ ಕಲ್ಲಿನ ಹಳೇ ಕ್ವಾರಿಯಲ್ಲಿರುವ ದಾಲ್‌ಹಾಲ್ಲಾ ರಂಗಮಂದಿರ, ನುಸ್ನೆಸ್‌ನ ಮರದ ಕುದುರೆ ಕಾರ್ಖಾನೆ ಎಲ್ಲ ಬಿಟ್ಟುಬಿಟ್ಟೆ. ಎರಡು ರಾತ್ರಿಗೆ ಪಟ್ಟಿ ಮಾಡಿಕೊಂಡರೆ ನನ್ನ ಮೊದಲ ಟ್ರಿಪ್ಪಿನ ಹಾಗೇ ಆಗುತ್ತದೆ.

ಆಮೇಲೆ ಹೋದ ಮೂರು ಜೋಡಿಗಳಲ್ಲಿ ಒಬ್ಬರು ನನ್ನ ಮಾತು ಕೇಳದೆ ಶುಕ್ರವಾರ ಹೋದರು. ಮನೆಗೇ 1,000 ಜಾಸ್ತಿ ಬಿತ್ತು. ಉಳಿದಿಬ್ಬರದು ನಾಲ್ಕು ಸಾವಿರದೊಳಗೆ ಮುಗಿದಿದೆ. ಯುಗಾದಿ ಊಟದಲ್ಲಿ ಬಸ್‌ಸ್ಟಾಪಿನ ಮಾತು ಎತ್ತಿದವನೇ ಈ ಸಲ ಎರಡನೇ ಬಾರಿ ಟಿಕೆಟ್ ತೆಗೆದಿದ್ದಾನೆ.

ನಾವು ಬರುವ ಫೆಬ್ರವರಿಗೆ ಅದೇ ಮನೆ ಹೇಳಿಟ್ಟಿದ್ದೇವೆ. ಸರೋವರ ಹೆಪ್ಪುಗಟ್ಟಿರುತ್ತದೆ. ಕಟ್ಟೆಯ ಪಕ್ಕ ಮಂಜುಗಡ್ಡೆ ಕೊರೆದು ತೂತು ಮಾಡಿಸಿಡುತ್ತೇನೆ, ಸೌದೆಯೂ ಜಾಸ್ತಿ ಒಡೆಸಿಡುತ್ತೇನೆ ಅಂತ ಅಜ್ಜಿ ಬರೆದಿದ್ದಾರೆ. ಹೆಂಡತಿ ಓದಿ, "ಈ ಸಲ ನೀವೂ ಪೂರ್ತಿ ಇಳೀಬೇಕು" ಅಂದಿದ್ದಾಳೆ. ಇಳಿಯುತ್ತೇನೆ.