ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಹಾಕುವ ಮುಂಚೆ ರುಚಿ ನೋಡಿ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಮನೆಯ 2016ರ ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲ. ಹಾಗಂತ ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕಲಾಗುತ್ತದೆಯೇ? ಮ್ಯಾಕ್ ಆಪಲ್ ಕಂಪನಿಯ ಯಂತ್ರಕ್ಕೇ ಮೀಸಲು. ಉಳಿದದ್ದು ಲಿನಕ್ಸ್. ವಿಂಡೋಸ್, ಮ್ಯಾಕ್ ಹಾಗೆಯೇ ಅದೂ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ.

ಇವುಗಳ ವಂಶಾವಳಿ ಗೊತ್ತಿದ್ದರೆ ಗುಣವೂ ಅರ್ಥವಾಗುತ್ತದೆ. 1981ರಲ್ಲಿ ಮೈಕ್ರೋಸಾಫ್ಟ್ ಸಿಯಾಟಲ್‌ನ ಸಣ್ಣ ಕಂಪನಿಯೊಂದರಿಂದ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಕೊಂಡಿತು, 1985ರಲ್ಲಿ ಅದರ ಮೇಲೆ ವಿಂಡೋಸ್ ಕಟ್ಟಿತು. ಹಳೇ ಸಾಫ್ಟ್‌ವೇರ್ ಹೊಸದರಲ್ಲೂ ಓಡಬೇಕೆಂಬ ಹಟ ಅದಕ್ಕೆ ಮೊದಲಿಂದಲೂ ಇದೆ. ನಮ್ಮ ಅಂಗಡಿಗಳ ಲೆಕ್ಕದ ಟ್ಯಾಲಿ, ಡಿಟಿಪಿಯವರು ಕನ್ನಡ ಟೈಪ್ ಮಾಡುವ ನುಡಿ ಎಲ್ಲ ಅಲ್ಲೇ ಬೇರೂರಿದ್ದು ಸುಮ್ನೆ ಅಲ್ಲ. ಇನ್ನೊಂದು ಮನೆತನ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನದು. 1969ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಶುರು ಮಾಡಿದ್ದು. ಮ್ಯಾಕ್ 2001ರಲ್ಲಿ ಓಎಸ್ ಎಕ್ಸ್ ಎಂಬ ಆವೃತ್ತಿಯ ಮೂಲಕ ಆ ಮನೆ ಸೇರಿತು. ಲಿನಕ್ಸ್ ಮಾತ್ರ ಏಕಲವ್ಯ. ಯುನಿಕ್ಸ್‌ನ ಕೋಡ್ ಮುಟ್ಟದೆ, ಅದರ ನಡೆಯನ್ನಷ್ಟೇ ಕಲಿತದ್ದು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದನ್ನು ಬರೆದಾಗ ವಯಸ್ಸು 21. ಇವತ್ತು ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದರ ತಿರುಳಾದ ಕರ್ನಲ್ಲೇ. ಅಂದರೆ ನಿಮ್ಮ ಜೇಬಿನಲ್ಲಿ ಲಿನಕ್ಸ್ ಆಗಲೇ ಇರಬಹುದು.

ಸರಿ, ಕೆಲಸಕ್ಕೆ ಇಳಿಯೋಣ.

ಮೊದಲು ಒಂದು ಚೀಟಿ ಬರೆಯಿರಿ: ವಾರದಲ್ಲಿ ನೀವು ತೆರೆಯುವ ಸಾಫ್ಟ್‌ವೇರ್ ಯಾವ್ಯಾವುದು? ಬ್ರೌಸರ್, ವಿಡಿಯೊ, ಪತ್ರ ಬರೆಯುವುದು ಇಷ್ಟೇ ಆದರೆ ಚಿಂತೆಯಿಲ್ಲ. ವರ್ಡ್ ಕಡತಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ, ಜಾಸ್ತಿ ಅಲಂಕಾರವಿದ್ದರೆ ಅಲ್ಲಲ್ಲಿ ಸಾಲು ಜರುಗೀತು. ಚೀಟಿಯಲ್ಲಿ ಟ್ಯಾಲಿ ಇದ್ದರೆ ವಿಂಡೋಸ್ ತೆಗೆಯಬೇಡಿ.

ಎರಡನೆಯದು ಕನ್ನಡಿಗರಿಗೇ ಇರುವ ತಲೆನೋವು. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಯುನಿಕೋಡ್ ಅಲ್ಲ, ಅಂದರೆ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತದಲ್ಲಿಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಂತೆ. ವಿಂಡೋಸ್ ಇರುವಾಗಲೇ ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ನಾನು ಇದನ್ನು ಆಮೇಲೆ ಮಾಡೋಣ ಎಂದುಕೊಂಡು ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ. ಮುಖ್ಯ ಕಡತಗಳನ್ನೆಲ್ಲ ಬೇರೆ ಡಿಸ್ಕ್‌ಗೂ ನಕಲು ಮಾಡಿಡಿ.

ಮೂರನೆಯದಾಗಿ 8 ಜಿಬಿ ಪೆನ್‌ಡ್ರೈವ್. ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಲಿನಕ್ಸ್ ಮಿಂಟ್‌ನ ತಾಣದಿಂದ ಎಕ್ಸ್‌ಎಫ್‌ಸಿಇ ಆವೃತ್ತಿಯ ಐಎಸ್ಒ ಕಡತ ಇಳಿಸಿಕೊಳ್ಳಿ. ಮಿಂಟ್ ಎಂದರೆ ಲಿನಕ್ಸ್‌ನ ಒಂದು ಸಿದ್ಧ ರೂಪ, ಐಎಸ್ಒ ಎಂದರೆ ಅದೆಲ್ಲ ಅಡಕವಾಗಿರುವ ಒಂದೇ ಕಡತ. 4 ಜಿಬಿ ರ‍್ಯಾಮ್‌ನ ಹಳೇ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಗುರ. ಎಚರ್ ಅಥವಾ ರೂಫಸ್ ಎಂಬ ಸಾಫ್ಟ್‌ವೇರ್‌ನಿಂದ ಆ ಐಎಸ್ಒ ಕಡತವನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಲ್ಯಾಪ್‌ಟಾಪ್ ಶುರುವಾಗುವುದಿಲ್ಲ.

ಈಗ ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುವಾಗಲೇ ಬೂಟ್ ಮೆನು ಕೀಲಿ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆಯ್ದುಕೊಂಡರೆ ಲಿನಕ್ಸ್ ಅಲ್ಲಿಂದಲೇ ಓಡುತ್ತದೆ. ನೀವಾಗಿ ಇನ್‌ಸ್ಟಾಲ್ ಒತ್ತುವ ತನಕ ಒಳಗಿನ ವಿಂಡೋಸ್ ಹಾಗೇ ಇರುತ್ತದೆ.

ಈ ರುಚಿ ನೋಡುವ ಹಂತಕ್ಕೇ ಒಂದು ಸಂಜೆ ಕೊಡಿ. ವೈಫೈ ಸಿಕ್ಕಿತೇ? ಧ್ವನಿ ಬಂತೇ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಯಿತೇ? ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆದೇಬಿಡಿ. ನಮ್ಮದು ಮುದ್ರಿಸಿತು, ಸ್ಕ್ಯಾನ್ ಮಾಡಲಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್‌ನಲ್ಲಿ ಕನ್ನಡದ ಕಗಪ ಎಂಬ ಕೀಲಿ ವಿನ್ಯಾಸ ಸೇರಿಸಿ ನಾಲ್ಕು ಸಾಲು ಟೈಪ್ ಮಾಡಿ. ನುಡಿಗೆ ಪಳಗಿದ ಬೆರಳಿಗೆ ಅದು ಹತ್ತಿರ, ಆದರೂ ಕೆಲವು ಕೀಲಿಗಳಿಗೆ ಒಗ್ಗಿಕೊಳ್ಳಬೇಕು. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಅನ್ನಿಸುವುದು ಸಹಜ, ಡಿಸ್ಕ್‌ಗೆ ಹಾಕಿದ ಮೇಲೆ ಚುರುಕಾಗುತ್ತದೆ.

ಹಿಡಿಸಿದರೆ ಪರದೆ ಮೇಲಿನ ಇನ್‌ಸ್ಟಾಲ್ ಗುರುತು ಒತ್ತಿ. ಡಿಸ್ಕ್ ಬಗ್ಗೆ ಕೇಳುವ ಪುಟದಲ್ಲಿ ಕೈ ನಿಧಾನ ಇರಲಿ. ‘ಪೂರ್ತಿ ಅಳಿಸು’ ಎಂದರೆ ಅದು ನಿಜಕ್ಕೂ ಪೂರ್ತಿ ಅಳಿಸುತ್ತದೆ. ವಿಂಡೋಸ್ ಪಕ್ಕದಲ್ಲೇ ಹಾಕುವ ಆಯ್ಕೆ ಮೊದಲ ಸಲದವರಿಗೆ ವಾಸಿ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಪ್ರತಿ ಸಲ ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುವ ಕಪ್ಪು ಪರದೆ ಬರುತ್ತದೆ. ಕೆಲವು ಸೆಕೆಂಡ್ ಏನೂ ಒತ್ತದಿದ್ದರೆ ಅದು ಲಿನಕ್ಸ್‌ಗೇ ಹೋಗುತ್ತದೆ. ಇದನ್ನು ಮನೆಯವರಿಗೆ ಮುಂಚೆಯೇ ಹೇಳಿಡಿ, ಇಲ್ಲದಿದ್ದರೆ ಕಂಪ್ಯೂಟರ್ ಕೆಟ್ಟಿದೆ ಎಂದು ನಿಮಗೇ ಫೋನ್ ಬರುತ್ತದೆ.