ರೊಟ್ಟಿ ಒಲೆ ಕಟ್ಟೆ ಏರಿದ ಕಥೆ

ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. 22 ವರ್ಷ ನೆಲದ ಮೇಲೆ ಕಾಲು ಮಡಚಿ ಕೂತೇ ಜೋಳದ ರೊಟ್ಟಿ ಬಡಿದೆ, ದಿನಕ್ಕೆ ಮೂರು ತಾಸು. 52ಕ್ಕೆ ಬಲ ಮೊಣಕಾಲು ಹಟ ಹಿಡಿಯಿತು. ಕೂತರೆ ಏಳೋಕೆ ಆಗ್ತಿರಲಿಲ್ಲ, ಎದ್ದರೆ ಒಳಗೆ ಕಟಕಟ ಸದ್ದು.

ಒಂದು ವರ್ಷ ಸುಮ್ನೆ ಅಂಗಡಿಯ ನೋವಿನ ಗುಳಿಗೆ ನುಂಗಿದೆ. ಹೊಟ್ಟೆ ಉರಿ ಹತ್ತಿತು. ಆಮೇಲೆ ಎಲುಬಿನ ಡಾಕ್ಟರ್ ಹತ್ತಿರ ಹೋದೆ. "ಮುಂಜಾನೆ ಎದ್ದಾಗ ಎಷ್ಟು ಹೊತ್ತು ಬಿಗಿ ಇರ್ತದ?" ಅಂತ ಕೇಳಿದರು. ಹತ್ತು ನಿಮಿಷ ಅಂದೆ. ಅರ್ಧ ತಾಸು ದಾಟಿ, ಕೀಲು ಊದಿ ಬಿಸಿಯಾಗಿದ್ದರೆ ಬೇರೆ ಥರದ ಸಂಧಿವಾತದ ಅನುಮಾನ ಬರುತ್ತಿತ್ತಂತೆ. ನನ್ನದು ಆಸ್ಟಿಯೋಆರ್ಥ್ರೈಟಿಸ್. ಎಲುಬಿನ ತುದಿಗೆ ಮೆತ್ತೆಯ ಹಾಗಿರುವ ಮೃದ್ವಸ್ಥಿ ಸವೆದಿದೆ ಅಂದರು.

ಆ 'ಸವೆದಿದೆ' ಅನ್ನೋ ಮಾತೇ ನನ್ನ ದಾರಿ ತಪ್ಪಿಸಿತು. ಓಡಾಡಿದರೆ ಇನ್ನೂ ಸವೆಯುತ್ತೆ ಅಂತ ಎರಡು ತಿಂಗಳು ಮಂಚ ಹಿಡಿದೆ. ನೋವು ಜಾಸ್ತಿಯಾಯಿತು. ಮೊಣಕಾಲಿಗೆ ಆಸರೆ ತೊಡೆಯ ಮುಂದಿನ ಸ್ನಾಯು, ಮಲಗಿದಷ್ಟೂ ಅದು ಸೊರಗುತ್ತೆ ಅಂತ ಹೇಳಿದ್ದು ಫಿಸಿಯೋಥೆರಪಿ ಹುಡುಗಿ. "ಅಮ್ಮಾರ, ರೆಸ್ಟ್ ಕೊಟ್ಟಿದ್ದು ಸಾಕ್ರಿ, ಕಾಲಿಗೆ ಕೆಲಸ ಕೊಡ್ರಿ" ಅಂದಳು.

ಕಾಲು ಚಾಚಿ ಕೂತು, ಸುತ್ತಿದ ಟವೆಲ್ ಮೊಣಕಾಲಿನ ಕೆಳಗಿಟ್ಟು, ಅದನ್ನು ಕೆಳಕ್ಕೆ ಒತ್ತಬೇಕು. ತೊಡೆ ಕಲ್ಲಿನಂತೆ ಬಿಗಿಯಾಗುತ್ತೆ. ಐದು ಎಣಿಸಿ ಬಿಡಬೇಕು. ಮುಂಜಾನೆ ಹತ್ತು, ಸಂಜೆ ಹತ್ತು. ಹಿಟ್ಟಿಗೆ ಎಸರು ಕುದಿಯೋ ಹೊತ್ತಲ್ಲೇ ಮುಗಿಸಿಕೊಳ್ಳುತ್ತಿದ್ದೆ. ಮೂರು ವಾರ ಏನೂ ಗೊತ್ತಾಗಲಿಲ್ಲ. ಬಿಟ್ಟೇ ಬಿಡೋಣ ಅನ್ನಿಸಿತ್ತು. ಎರಡನೇ ತಿಂಗಳಲ್ಲಿ ಒಂದಿನ ಕೈ ಊರದೆ ಕುರ್ಚಿಯಿಂದ ಎದ್ದೆ. ಎದ್ದಮೇಲೇ ಅದು ಗಮನಕ್ಕೆ ಬಂತು.

ರೊಟ್ಟಿ ಒಲೆಯನ್ನು ಕಟ್ಟೆಯ ಮೇಲೆ ಇಡಿಸಿದೆ. "ನಿಂತು ಬಡಿದ್ರ ತೆಳ್ಳಗ ಬರೂದಿಲ್ಲ" ಅಂತ ಅತ್ತಿ ಗೊಣಗಿದರು. ಒಂದು ವಾರ ರೊಟ್ಟಿ ತೆಳ್ಳಗೆ ಬರಲೂ ಇಲ್ಲ, ಗಿರಾಕಿಗಳೂ ಹಾಗೇ ಅಂದರು. ತೂಕ 5 ಕೆಜಿ ಇಳಿಸಿದೆ. ಅಷ್ಟಕ್ಕೇ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು 20 ಕೆಜಿ ಭಾರ ಕಡಿಮೆಯಂತೆ. ದೂರ ನಡೆಯುವಾಗ ಕೋಲು ಬೇಕು. ನೋವು ಬಲಗಾಲಿಗೆ, ಆದ್ದರಿಂದ ಕೋಲು ಎಡಗೈಗೆ. ಬಜಾರಿನಲ್ಲಿ ಸಿಕ್ಕವರೆಲ್ಲ "ಆ ಕೈಯಾಗಲ್ಲ ಬೇ" ಅಂತ ತಿದ್ದೋರೇ!

ಗವಿಮಠದ ಜಾತ್ರೆ ದಾಸೋಹಕ್ಕೆ ಕೊಡೋ ರೊಟ್ಟಿಯನ್ನೂ ಈ ಸಲ ನಿಂತೇ ಬಡಿದೆ. ಅಂಜನಾದ್ರಿಯ 575 ಮೆಟ್ಟಿಲಿನ ಗೋಜಿಗೆ ಮಾತ್ರ ಹೋಗಲಿಲ್ಲ. ಮನೆಯವರೆಲ್ಲ ಹತ್ತಿದರು, ನಾನು ಕೆಳಗೆ ಚಪ್ಪಲಿ ಕಾಯ್ದೆ.