ಇಟ್ಟಿಗೆ ವಿಮಾನಕ್ಕೆ ಮೋಟಾರ್ ಹಾಕುವ ಮುಂಚೆ

ಲೆಗೊ ಟೆಕ್ನಿಕ್‌ನಲ್ಲಿ (ಗಿಯರ್, ಮೋಟಾರ್ ಜೋಡಿಸಿ ಕಟ್ಟುವ ಲೆಗೊ ಆಟಿಕೆ) ವಿಮಾನ ಕಟ್ಟುವಾಗ ಮೊದಲು ರೆಕ್ಕೆ, ಬಾಲ ಅಂತ ಚಂದದ ಕೆಲಸಕ್ಕೆ ಕೈ ಹಾಕಬೇಡಿ. ನಾನು ಹಾಗೇ ಮಾಡಿದ್ದೆ. ಕೊನೆಗೆ ಬ್ಯಾಟರಿ ಬಾಕ್ಸ್‌ಗೆ ಜಾಗವೇ ಇಲ್ಲ! ಬಾಲದ ಕಡೆ ತುರುಕಿದೆ, ವಿಮಾನ ಮೂಗೆತ್ತಿ ಹಿಂದಕ್ಕೆ ಕೂತುಬಿಟ್ಟಿತು. ಜಾಸ್ತಿ ಭಾರ ಅದೇ ಅಲ್ವಾ? ಮೂಗಿನ ಕೆಳಗೂ ಚಕ್ರ ಇರುವ ಮಾದರಿಯಾದರೆ ಬ್ಯಾಟರಿ ಬಾಕ್ಸನ್ನು ದೊಡ್ಡ ಚಕ್ರಗಳಿಗಿಂತ ಸ್ವಲ್ಪ ಮುಂದೆ ಇಟ್ಟು, ಆಮೇಲೆ ಸುತ್ತ ಮೈ ಕಟ್ಟಿ.

ಪ್ರೊಪೆಲ್ಲರ್ ಜೋರಾಗಿ ತಿರುಗಬೇಕಾದರೆ ಮೋಟಾರ್ ಕಡೆ 24 ಹಲ್ಲಿನ ಗಿಯರ್, ಪ್ರೊಪೆಲ್ಲರ್ ಕಡೆ 8 ಹಲ್ಲಿನದು ಹಾಕಿ. ವೇಗ 3 ಪಟ್ಟು ಆಗುತ್ತದೆ, ಆದರೆ ತಿರುಗಿಸುವ ಬಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಸ್ವಲ್ಪ ಉಜ್ಜಿದರೂ ಮೋಟಾರ್ ಸುಮ್ನೆ ಮುಲುಗುತ್ತದೆ. ಆಕ್ಸಲ್‌ಗೆ (ಗಿಯರ್ ಕೂರುವ ಕಡ್ಡಿ) ಎರಡು ಕಡೆ ಆಸರೆ ಕೊಡಿ. ಬುಷ್ (ಆಕ್ಸಲ್ ಜಾರದಂತೆ ಹಿಡಿಯುವ ಪುಟ್ಟ ಉಂಗುರ) ಒತ್ತಿ ಕೂರಿಸಬೇಡಿ, ಕೂದಲೆಳೆಯಷ್ಟು ಸಂದು ಬಿಡಿ. ಮೋಟಾರ್ ಜೋಡಿಸುವ ಮುಂಚೆ ಬೆರಳಲ್ಲಿ ತಿರುಗಿಸಿ ನೋಡಿ. (ಹಾರುತ್ತಾ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಈ ತೂಕಕ್ಕೆ ಅದು ಆಗದ ಮಾತು!)

ಚಕ್ರ ಮಡಚುವ ಆಸೆ ಇದ್ದರೆ ವರ್ಮ್ ಗಿಯರ್ (ಸ್ಕ್ರೂ ತರಹದ ಗಿಯರ್) ಬಳಸಿ. ನಿಧಾನ ನಿಜ, ಆದರೆ ವಿಮಾನದ ಭಾರಕ್ಕೆ ಹಿಂದಕ್ಕೆ ತಿರುಗುವುದಿಲ್ಲ.